ಸುವಾರ್ತಪ್ಪನ ಛತ್ರಿ

ಕೂತವರು ಕೂತಲ್ಲೇ ಕೇಳಿ. ನಗು ಬಂದರೆ ನಗಿ, ಆದರೆ ಹಿಂದಕ್ಕೆ ಮಾತ್ರ ತಿರುಗಿ ನೋಡಬೇಡಿ.

ಕಲ್ಲಾಪುರದ ಮಿಷನ್ ಬಂಗಲೆಯಲ್ಲಿ ಸಾರವ್ವ ಅಂತ ಅಡಿಗೆಯವಳು. ಅವಳಿಗೊಬ್ಬನೇ ಮಗ, ಸುವಾರ್ತಪ್ಪ. ವಯಸ್ಸು ನಲವತ್ತು, ಬುದ್ಧಿ ನಾಲ್ಕು. ನೆಟ್ಟಗೆ ಹೋಗು ಅಂದರೆ ಎದುರಿಗೆ ಬಾವಿ ಬಂದರೂ ನೆಟ್ಟಗೇ ಹೋಗುವವ. ಹೇಳಿದ್ದನ್ನು ಬಿಡುವವನಲ್ಲ, ಹೇಳದ್ದನ್ನು ಮಾಡುವವನಲ್ಲ. ಸಾರವ್ವನಿಗೆ ಹಗಲಿರುಳು ಒಂದೇ ಚಿಂತೆ. ‘ನಾ ಸತ್ತ ಮ್ಯಾಲೆ ಇವಗ ಬುದ್ಧಿ ಹೇಳಾವ್ರು ಯಾರು? ಒಂದು ತುತ್ತು ಕೂಳು ಹಾಕಾವ್ರು ಯಾರು?’

ಹಾಕುವವರು ಅಂತ ಇದ್ದವರು ಇಬ್ಬರೇ. ಕಡಲಾಚೆಯಿಂದ ಬಂದ ಲೂಡ್ವಿಗ್ ಪಾದ್ರಿ ಮತ್ತು ಅವರ ಹೆಂಡತಿ ಫ್ರೀಡಾ ದೊರಸಾನಿ. ಬಂದು ನಲವತ್ತೆರಡು ವರ್ಷ. ಇಬ್ಬರು ಮಕ್ಕಳನ್ನು ಹಡೆದು, ಇಬ್ಬರನ್ನೂ ಎದುರಿನ ಹುಣಸೆಮರದ ಕೆಳಗೆ ಮಣ್ಣು ಮಾಡಿ, ಇಲ್ಲೇ ಮುದುಕರಾದವರು. ಬೆಳಿಗ್ಗೆ ಗಂಟೆ ಬಾರಿಸಿ ಪ್ರಾರ್ಥನೆ. ಆಮೇಲೆ ಪಾದ್ರಿಗೆ ಕಾಗದ, ಶಾಯಿ, ಕನ್ನಡಕ. ದೊರಸಾನಿಗೆ ಔಷಧದ ಖೋಲಿ, ಊರ ಮಂದಿಯ ಹುಣ್ಣು, ಕೆಮ್ಮು, ಕಣ್ಣುನೋವು. ಮಧ್ಯಾಹ್ನ ನಾಲ್ಕು ಹೊಡೆಯಿತು ಅಂದರೆ ಪಾದ್ರಿ ಪಡಸಾಲೆಯಲ್ಲಿ ನಿಂತು ಕೂಗುವರು: "ಫ್ರೀಡಾ! ಕಾಫಿ!"

ಸುವಾರ್ತಪ್ಪನ ಕೆಲಸ ಶುರುವಾಗುವುದೇ ಆಗ. ದೊರಸಾನಿ ಅವನಿಗೆ ಹೇಳಿಟ್ಟಿದ್ದರು: "ದೊರಿ ಕರದ್ರಂದ್ರ ನಾ ಎಲ್ಲೇ ಇರ್ಲಿ, ಛತ್ರಿ ತಗೊಂಡು ಬಂದು ನನ್ನ ಕರ್ಕೊಂಡು ಹೋಗು." ಎಲ್ಲೇ ಇರಲಿ ಅಂದರೆ ಎಲ್ಲೇ ಇರಲಿ. ಓಡುವನು, ಛತ್ರಿ ಬಿಚ್ಚುವನು, ನೆರಳು ಪೂರಾ ಅವರಿಗೆ, ಬಿಸಿಲು ಪೂರಾ ತನಗೆ. ಗೇಟಿನ ಹತ್ತಿರ ದಿನಾ ಒಂದೇ ಮಾತು: "ಹುಷಾರ್ರಿ ಅಮ್ಮಾರ, ಕಲ್ಲೈತಿ!" ದೊರಸಾನಿ ಬಂದು ಕೂತರೆ ಬೆತ್ತದ ಕುರ್ಚಿ ಕಿರ್ ಅನ್ನುವುದು, ಮೋತಿ ನಾಯಿ ಬಾಲ ಅಲ್ಲಾಡಿಸುವುದು. ಅವರು ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವರು, ಕಲಕುವುದಿಲ್ಲ. ದಿನಾ ಬಟ್ಟಲಿನ ತಳದಲ್ಲಿ ಸಕ್ಕರೆ ಹಾಗೇ ಉಳಿಯುವುದು. ತೊಳೆಯುವಾಗ ಸಾರವ್ವ ಗೊಣಗುವಳು: "ಕಲಕ್ಲಿಕ್ಕೆ ಏನು ಧಾಡಿ ಈ ಮುದುಕಿಗೆ!"

ಒಂದು ದಿನ ದೊರಸಾನಿ ಹೊಸ ಮಾತು ಕಲಿಸಿದರು. "ಬಾಗಲಕ್ಕ ಬಂದವರಿಗೆ ಮೊದಲು ನೀರು ಕೊಡಪ್ಪಾ, ಆಮ್ಯಾಲೆ ಮಾತು."

ಸುವಾರ್ತಪ್ಪ ತಂಬಿಗೆ ಹಿಡಿದು ಗೇಟಿನಲ್ಲಿ ನಿಂತ. ಅದೇ ದಿನ ಊರ ಗೌಡರ ಅಜ್ಜ ತೀರಿಕೊಂಡಿದ್ದ. ಆ ಸೀಮೆಯಲ್ಲಿ ಲಿಂಗವಂತರು ತಮ್ಮ ಹಿರಿಯರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆ ಮಾಡುತ್ತ ಒಯ್ಯುತ್ತಾರೆ. ಹೊತ್ತವರು ಹೆಗಲು ಬದಲಿಸಲು ಬಂಗಲೆಯ ಗೇಟಿನ ಎದುರು ನಿಂತರು. ಸುವಾರ್ತಪ್ಪ ನುಗ್ಗಿದ. "ಅಜ್ಜಾರ ಕುಂತೇ ಬಂದಾರ! ನೀರು ಕುಡೀರಿ ಅಜ್ಜಾರ!" ತಂಬಿಗೆಯನ್ನು ತುಟಿಗೇ ಹಿಡಿದುಬಿಟ್ಟ.

ಭಜನೆ ನಿಂತಿತು. ಒದೆ ಬಿದ್ದವು. ಸಾರವ್ವ ಓಡಿ ಬಂದು ಎಲ್ಲರ ಕಾಲು ಹಿಡಿದು ಮಗನನ್ನು ಬಿಡಿಸಿಕೊಂಡಳು.

"ಅಯ್ಯ ನಿನ್ನ ಬುದ್ಧಿಗೆ ಬೆಂಕಿ ಹಾಕ! ಸತ್ತವರಿಗೆ ನೀರು ಕುಡಸ್ತಾರೇನೋ?"

"ಕುಡದ್ರಲ್ಲ ಯವ್ವಾ!"

ಸಾರವ್ವ ತಂಬಿಗೆ ಬಗ್ಗಿಸಿ ನೋಡಿದಳು. ಒಂದು ಹನಿಯಿಲ್ಲ. ಚೆಲ್ಲಿರಬೇಕು ಅಂದುಕೊಂಡಳು, ನೆಲ ನೋಡಿದಳು, ನೆಲ ಒಣಗಿತ್ತು. ಆ ವಿಚಾರ ಅಲ್ಲಿಗೇ ಬಿಟ್ಟು ಬುದ್ಧಿ ಹೇಳಿದಳು. "ಕೇಳು. ಕಣ್ಣ ಪಿಳಕಸದ ಕುಂತವ್ರನ್ನ ಕಂಡ್ರ ನೀರು ಕೊಡಬಾರ್ದು. ರುಮಾಲು ತಗೀಬೇಕು, ಕೈ ಮುಗೀಬೇಕು, ಅಳಬೇಕು, ‘ಸುಖವಾಗಿ ಹೋಗ್ರಿ’ ಅನ್ನಬೇಕು. ತಿಳೀತೇನು?"

"ಹೂಂ ಯವ್ವಾ" ಅಂದ ಮಗ. ಅವನು ಹೂಂ ಅಂದರೆ ಮುಗಿಯಿತು.

ಮುಂದಿನ ತಿಂಗಳು ಕಡಲಾಚೆಯ ದೊಡ್ಡ ಮಿಷನ್ನಿನವರು ಮುದುಕ ಮುದುಕಿಯ ಫೋಟೋ ಬೇಕು ಅಂತ ಬರೆದರು. ಧಾರವಾಡದಿಂದ ಫೋಟೋದವನು ಬಂದ. ಇಬ್ಬರನ್ನೂ ಬೆತ್ತದ ಕುರ್ಚಿಗಳಲ್ಲಿ ಕೂರಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ಕೂಗಿದ: "ಅಲುಗಾಡಬ್ಯಾಡ್ರಿ! ಕಣ್ಣ ಪಿಳಕಸಬ್ಯಾಡ್ರಿ!"

ಇಬ್ಬರೂ ಕಲ್ಲಾಗಿ ಕೂತರು. ಅಷ್ಟರಲ್ಲಿ ಬಂದ ನೋಡಿ ನಮ್ಮ ಸುವಾರ್ತಪ್ಪ! ರುಮಾಲು ತೆಗೆದ, ಕೈ ಮುಗಿದ, ಊರು ಕೇಳುವ ಹಾಗೆ ಅತ್ತ. "ಸುಖವಾಗಿ ಹೋಗ್ರಿ ಅಮ್ಮಾರ! ಸುಖವಾಗಿ ಹೋಗ್ರಿ!"

ಊರೇ ಓಡಿ ಬಂತು. ದೊರಸಾನಿ ನಕ್ಕರು, ಪಾದ್ರಿ ನಗಲಿಲ್ಲ. ವಾರ ಬಿಟ್ಟು ಫೋಟೋ ಬಂತು. ಪಾದ್ರಿಯ ಗಡ್ಡದ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಪಕ್ಕದ ಕುರ್ಚಿಯಲ್ಲಿ ಬರೀ ಹೊಗೆ, ಹೊಗೆಯ ಹಿಂದೆ ಬೆತ್ತದ ಹೆಣಿಗೆ ಕಾಣುತ್ತಿತ್ತು. "ಅಮ್ಮಾವ್ರು ಅಲುಗಾಡಿರಬೇಕ್ರಿ" ಅಂದ ಫೋಟೋದವನು. "ನಾ ಅಲುಗಾಡಿಲ್ಲ" ಅಂದರು ದೊರಸಾನಿ, ಮೆಲ್ಲಗೆ.

ಸಾರವ್ವ ಮಗನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. "ಅಯ್ಯ ನಿನ್ನ ಬುದ್ಧಿಗೆ ಬೆಂಕಿ ಹಾಕ! ನಮ್ಮ ಮನಿ ಮಂದಿಗೆ ‘ಹೋಗ್ರಿ’ ಅಂತಾರೇನೋ? ‘ಹೋಗಿ ಬರ್ರಿ’ ಅನ್ನಬೇಕು. ಎಲ್ಲಿಗೆ ಹೊಂಟರೂ ‘ಹೋಗಿ ಬರ್ರಿ, ಲಗೂ ಬರ್ರಿ’ ಅನ್ನು."

"ಹೂಂ ಯವ್ವಾ" ಅಂದ ಮಗ.

ಆ ಮಳೆಗಾಲಕ್ಕೆ ದೊರಸಾನಿಗೆ ಜ್ವರ ಬಂತು. ಊರಿಗೆಲ್ಲ ಔಷಧ ಕೊಟ್ಟವರಿಗೆ ಯಾವ ಔಷಧವೂ ಹತ್ತಲಿಲ್ಲ. ಒಂಬತ್ತನೆಯ ದಿನ ಹೋಗಿಬಿಟ್ಟರು. ಹುಣಸೆಮರದ ಕೆಳಗೆ ಮಕ್ಕಳ ಪಕ್ಕದಲ್ಲೇ ಕುಣಿ ತೋಡಿದರು. ಪಾದ್ರಿ ತಾವೇ ಪ್ರಾರ್ಥನೆ ಹೇಳಿದರು, ಹೇಳುತ್ತ ಎರಡು ಸಲ ಸಾಲು ಮರೆತರು. ಪೆಟ್ಟಿಗೆ ಕೆಳಗಿಳಿಯಿತು. ಸುವಾರ್ತಪ್ಪ ಕುಣಿಯ ಅಂಚಿಗೆ ಬಂದು ಬಗ್ಗಿ ಕೂಗಿದ: "ಹೋಗಿ ಬರ್ರಿ ಅಮ್ಮಾರ! ಲಗೂ ಬರ್ರಿ!"

ಮಣ್ಣು ಹಾಕುವವರ ಕೈ ಹಾಗೇ ನಿಂತಿತು. ಸಾರವ್ವ ಮನೆಗೆ ಬಂದವಳೇ ಸೌಟು ತಗೊಂಡು ಎರಡು ಬಾರಿಸಿದಳು. "ಅಯ್ಯ ನಿನ್ನ ಬುದ್ಧಿಗೆ ಬೆಂಕಿ ಹಾಕ! ಸತ್ತವ್ರನ್ನ ‘ಬರ್ರಿ’ ಅಂತಾರೇನೋ? ಅವ್ರು ತಾವಾಗಿ ಬರಂಗಿಲ್ಲೋ ಪೆದ್ದ!"

"ತಾವಾಗಿ ಬರಂಗಿಲ್ಲೇನು?" ಅಂದ ಮಗ. ಬಹಳ ಹೊತ್ತು ಯೋಚಿಸಿ "ಹೂಂ ಯವ್ವಾ" ಅಂದ.

ಹನ್ನೊಂದು ದಿನ ಕಳೆಯಿತು. ದೊಡ್ಡ ಮಿಷನ್ನಿನವರ ತಂತಿ ಬಂತು: ‘ಒಬ್ಬರೇ ಇರಬೇಡಿ, ಮುಂದಿನ ಹಡಗಿಗೆ ಊರಿಗೆ ಬನ್ನಿ, ಬಂಗಲೆ ಮುಚ್ಚುತ್ತೇವೆ.’ ಸಾರವ್ವ ಒಲೆಯ ಮುಂದೆ ಕುಸಿದು ಕೂತಳು. ಪಾದ್ರಿ ಹೋದರೆ ಬಂಗಲೆಯಿಲ್ಲ, ಬಂಗಲೆ ಇಲ್ಲದಿದ್ದರೆ ಸುವಾರ್ತಪ್ಪನಿಗೆ ಅನ್ನವಿಲ್ಲ. ಪಾದ್ರಿ ತಂತಿಯ ಕಾಗದ ಹಿಡಿದು ಪಡಸಾಲೆಯಲ್ಲಿ ನಿಂತಿದ್ದರು. ನಾಲ್ಕು ಹೊಡೆಯಿತು. ನಲವತ್ತೆರಡು ವರ್ಷದ ರೂಢಿ, ಬಾಯಿ ಕೇಳಬೇಕಲ್ಲ? "ಫ್ರೀಡಾ! ಕಾಫಿ!" ಅಂದುಬಿಟ್ಟರು.

ಸುವಾರ್ತಪ್ಪ ಛತ್ರಿ ತಗೊಂಡು ಓಡಿದ.

ಸೀದಾ ಹುಣಸೆಮರದ ಕೆಳಗೆ. "ಅಮ್ಮಾರ, ದೊರಿ ಕರೀತಾರ್ರಿ!" ಅಂದ, ಛತ್ರಿ ಬಿಚ್ಚಿದ, ತಿರುಗಿ ಬಂದ. ಮುದುಕಿಯರು ನಡೆಯುವ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂದ. ನೆರಳು ಪೂರಾ ಪಕ್ಕಕ್ಕೆ, ಬಿಸಿಲು ಪೂರಾ ತನಗೆ. ಗೇಟಿನಲ್ಲಿ ನಿಂತ. "ಹುಷಾರ್ರಿ ಅಮ್ಮಾರ, ಕಲ್ಲೈತಿ!"

ಮೋತಿ ಎದ್ದು ಬಾಲ ಅಲ್ಲಾಡಿಸಿತು. ಬೆತ್ತದ ಕುರ್ಚಿ ಕಿರ್ ಅಂದಿತು.

ಸಾರವ್ವ ಎರಡು ಬಟ್ಟಲು ತಂದಿಟ್ಟು, ಸಕ್ಕರೆಯ ಡಬ್ಬಿ ಪಕ್ಕಕ್ಕಿಟ್ಟು, ಹಿಂದೆ ನೋಡದೆ ಓಡಿದಳು. ಸಂಜೆ ತೊಳೆಯಲು ತಗೊಂಡಾಗ ದೊರಸಾನಿಯ ಬಟ್ಟಲು ಖಾಲಿ. ತಳದಲ್ಲಿ ಮೂರು ಚಮಚ ಸಕ್ಕರೆ ಕಲಕದೆ ಉಳಿದಿತ್ತು.

ಪಾದ್ರಿ ಬೈಯಲಿಲ್ಲ. ಅವರದು ಪುಸ್ತಕದಿಂದ ಕಲಿತ ಕನ್ನಡ. "ಸುವಾರ್ತಪ್ಪನೇ, ನಾಳೆಯೂ ಆಕೆಯನ್ನು ಕರೆದುಕೊಂಡು ಬಾ" ಅಂದರು. ಕಡಲಾಚೆಗೆ ಬರೆದರು: ‘ನಾನು ಬರುವುದಿಲ್ಲ. ನನ್ನ ಹೆಂಡತಿ ಇಲ್ಲಿದ್ದಾಳೆ.’ ಸಾರವ್ವನ ಕೈ ಹಿಡಿದು ಮಾತೂ ಕೊಟ್ಟರು: "ನಿನ್ನ ಮಗನು ನನ್ನ ಬಳಿಯಲ್ಲಿಯೇ ಇರುವನು. ನನ್ನ ತರುವಾಯ ಬರುವವರಿಗೂ ಬರೆದಿಟ್ಟಿದ್ದೇನೆ."

ಅನ್ನದ ಚಿಂತೆ ಹೋಯಿತು, ಹೆದರಿಕೆ ಬಂತು. ದಿನಾ ನಾಲ್ಕಕ್ಕೆ ಕುರ್ಚಿ ಕಿರ್ ಅನ್ನುವುದು, ಸಾರವ್ವ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುವಳು. ಮಣ್ಣಾದವರನ್ನು ದಿನಾ ಎಬ್ಬಿಸಿ ಬಿಸಿಲಲ್ಲಿ ನಡೆಸುವುದು ಪಾಪವಲ್ಲವೆ! ಒಂದು ದಿನ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಸುವಾರ್ತೀ, ನನ್ನ ಆಣಿ ಮಾಡು. ನಾ ಸತ್ತಾಗ ‘ಸುಖವಾಗಿ ಹೋಗು’ ಅನ್ನಬೇಕು. ‘ಹೋಗಿ ಬಾ’ ಅನ್ನಬಾರ್ದು. ಛತ್ರಿ ತಗೊಂಡು ಕರೀಲಿಕ್ಕೆ ಬರಬಾರ್ದು. ನಾ ಬಾಯಿ ಬಿಟ್ಟು ಬೇಡಿದ್ರೂ ಬರಬಾರ್ದು!"

"ಹೂಂ ಯವ್ವಾ."

ಮರುವರ್ಷದ ಸುಗ್ಗಿ. ಸಾರವ್ವ ಹಿತ್ತಲ ಕಟ್ಟೆಯ ಮೇಲೆ ಗೋಡೆಗೆ ಒರಗಿ ಜೋಳ ಹಸನು ಮಾಡುತ್ತಿದ್ದಳು. ಬಿಸಿಲಿತ್ತು, ಸುಡುತ್ತಿರಲಿಲ್ಲ. ಸುವಾರ್ತಪ್ಪ ಬಂದು ಎದುರಿಗೆ ನಿಂತ. ರುಮಾಲು ತೆಗೆದ. ಕೈ ಮುಗಿದ. ಅಳಲು ಶುರು ಮಾಡಿದ.

"ಅಯ್ಯ ನಿನ್ನ ಬುದ್ಧಿಗೆ ಬೆಂಕಿ ಹಾಕ! ಯಾಕೋ ಅಳ್ತೀ?"

"ನೀ ಕಣ್ಣ ಪಿಳಕಸವಲ್ಲಿ ಯವ್ವಾ. ಕಣ್ಣಾಗ ನೊಣ ಕುಂತೈತಿ."

ಸಾರವ್ವ ಕಣ್ಣು ಮುಚ್ಚಲು ನೋಡಿದಳು. ಮುಚ್ಚಲಿಲ್ಲ. ಕೈ ಎತ್ತಲು ನೋಡಿದಳು, ಕೈ ಮೊರದೊಳಗಿನ ಜೋಳದಲ್ಲೇ ಬಿದ್ದಿತ್ತು. ಹುಟ್ಟಿದಾಗಿನಿಂದ ಅವಳನ್ನು ಕಂಡರೆ ಗುರ್ ಅನ್ನುತ್ತಿದ್ದ ಮೋತಿ ಬಂದು ಅವಳ ಪಾದ ಮೂಸಿ, ಕುಂಯ್ ಅಂತ ಬಾಲ ಮುದುಡಿ ಹಿಂದೆ ಸರಿಯಿತು. ಆಗ ತಿಳಿಯಿತು ಅವಳಿಗೆ. ಜೋಳ ಹಸನು ಮಾಡುತ್ತ ಮಾಡುತ್ತ ಯಾವಾಗಲೋ ಸತ್ತಿದ್ದಳು. ಸತ್ತವರು ಮಾತಾಡುವುದಿಲ್ಲ ಅಂತ ಮಗನಿಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಅವನಿಗೆ ಕೇಳಿಸುತ್ತಿತ್ತು.

"ಸುಖವಾಗಿ ಹೋಗು ಯವ್ವಾ!"

ಆಹಾ, ಆಗ ಬಂತು ನೋಡಿ ತಾಯಿಗೆ ಹೊಟ್ಟೆಸಂಕಟ! ಇನ್ನೂ ಎಷ್ಟು ಬುದ್ಧಿ ಹೇಳುವುದಿತ್ತು! "ಎಪ್ಪಾ, ‘ಹೋಗಿ ಬಾ’ ಅನ್ನೋ! ಒಂದ ಸಲ ಅನ್ನೋ!"

"ಆಣಿ ಮಾಡೇನಲ್ಲ ಯವ್ವಾ" ಅಂದ ಮಗ, ಕಣ್ಣು ಒರೆಸಿಕೊಳ್ಳುತ್ತ.

ಅವಳನ್ನೂ ಹುಣಸೆಮರದ ಕೆಳಗೇ ಮಣ್ಣು ಮಾಡಿದರು, ದೊರಸಾನಿಯ ಕಾಲ ದೆಸೆಯಲ್ಲಿ. ಮರುದಿನ ನಾಲ್ಕು ಹೊಡೆಯಿತು. ಬಂಗಲೆಯಿಂದ ಕೂಗು ಬಂತು. ಸುವಾರ್ತಪ್ಪ ಓಡಿ ಬಂದ, ಛತ್ರಿ ಬಿಚ್ಚಿದ.

"ಸುವಾರ್ತೀ, ನನ್ನೂ ಕರ್ಕೊಂಡು ಹೋಗೋ! ಛತ್ರಿ ಬ್ಯಾಡ, ಬಿಸಲಾಗ ಬರ್ತೇನಿ!"

ಅವನು ನಿಂತ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ, ಸರಿಮಾಡುವವರು ಇರಲಿಲ್ಲ. ಅವ್ವನ ಮಣ್ಣಿನ ಕಡೆ ನೋಡಿ ನಕ್ಕ. ಹೇಳಿದ ಮಾತನ್ನು ಒಂದು ಸಲವಾದರೂ ತಪ್ಪದೆ ನಡೆಸಿದೆನಲ್ಲ ಅನ್ನುವ ಹೆಮ್ಮೆ ಆ ಮುಖದಲ್ಲಿ.

"ನೀ ಬೇಡಿದ್ರೂ ಕರೀಬ್ಯಾಡ ಅಂತ ನೀನ ಹೇಳೀಯಲ್ಲ ಯವ್ವಾ" ಅಂದು, ಛತ್ರಿಯನ್ನು ಪಕ್ಕಕ್ಕೆ ವಾಲಿಸಿ, ಮೆಲ್ಲಗೆ ಹೊರಟ. ಗೇಟಿನಿಂದ ಅವನ ದನಿ ಕೇಳಿಸಿತು. "ಹುಷಾರ್ರಿ ಅಮ್ಮಾರ, ಕಲ್ಲೈತಿ!"

ನನ್ನ ಕತೆ ಮುಗೀತು, ನಿಮ್ಮ ದಾರಿ ನಿಮಗೆ. ಎದ್ದು ಹೋಗುವಾಗ ಮಾತ್ರ ಒಬ್ಬೊಬ್ಬರೂ ‘ಹೋಗಿ ಬರ್ತೀನಿ’ ಅಂತ ಹೇಳೇ ಹೋಗಿ.