ಹುಲಿಗೆವ್ವನ ಹರಿಗೋಲಿನ ಖಾಲಿ ಜಾಗ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಹೇಳುವವರಿಗೂ ತಿಳಿಯದಷ್ಟು ಹಿಂದೆ, ಹೊಳೆಯ ನಡುಗಡ್ಡೆಯ ಮೇಲೆ ಒಂದು ಊರಿತ್ತು. ಆ ಊರಿಗೆ ಸೇತುವೆ ಇರಲಿಲ್ಲ. ಊರು ಈಚೆ, ಡಾಕ್ಟರಮ್ಮ ಆಚೆ ದಂಡೆಯಲ್ಲಿ, ನಡುವೆ ಹುಲಿಗೆವ್ವನ ಹರಿಗೋಲು. ಮದುಮಗಳನ್ನು ಕರೆತರುವವಳೂ ಅವಳೇ, ಸತ್ತವರ ನೆಂಟರನ್ನು ಕರೆತರುವವಳೂ ಅವಳೇ.

ಅದಕ್ಕೇ ಡಾಕ್ಟರಮ್ಮ ಒಂದು ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರಂತೆ. ದಿಕ್ಕುತಪ್ಪಿ ನಡುಗುವ ಗುಂಡಿಗೆಗೆ ಕರೆಂಟಿನ ಹೊಡೆತ ಕೊಟ್ಟು ದಾರಿಗೆ ತರುವ ಪೆಟ್ಟಿಗೆ. ಡಿಫಿಬ್ರಿಲೇಟರ್ ಅಂತ ಹೆಸರು. ಊರವರ ನಾಲಿಗೆ ಹೊರಳಲಿಲ್ಲ, ಜೀವದ ಪೆಟ್ಟಿಗೆ ಅಂದರು. ಅದರಲ್ಲಿ ದೊಡ್ಡವರ ಎದೆಗೆ ಹಚ್ಚಲು ಅಂಗೈಯಗಲದ ಎರಡು ಅಂಟುಪಟ್ಟಿ, ಮಕ್ಕಳಿಗೆ ಬೇರೆ ಸಣ್ಣವು. ಪಟ್ಟಿ ಹಚ್ಚಿದರೆ ಪೆಟ್ಟಿಗೆ ತಾನೇ ಮಾತಾಡುತ್ತಿತ್ತಂತೆ.

ಮೋಟರಿನ ತಂತಿ ಹಿಡಿದು ಬಿದ್ದ ಪೈಲ್ವಾನನನ್ನು ಅವಳು ಎಬ್ಬಿಸಿದಳು ಅಂತಾರೆ. ಬಸಲಿಂಗಜ್ಜ ಕಟ್ಟೆಯ ಮೇಲೆ ಕುಸಿದಾಗ ಹಾರ ತರಲು ಆಗಲೇ ಯಾರೋ ಹೋಗಿದ್ದರಂತೆ. ಹೊಡೆತ ಬಿದ್ದ ಮೇಲೆ ಅಜ್ಜ ಕಣ್ಣು ಬಿಟ್ಟವನೇ, "ನನ್ನ ಹೊಸಾ ಅಂಗಿ ಯಾಕ ಹರದಿಬೇ?" ಅಂತ ಬೈದನಂತೆ. "ಹೊಲಿದು ಕೊಡತೀನಿ ತಗೋ ಯಜ್ಜಾ. ಜೀವ ಹಳೇದ ಐತಿ, ಅದನ್ನ ಜ್ವಾಕಿ ಮಾಡ್ಕೋ" ಅಂದಳಂತೆ ಹುಲಿಗೆವ್ವ. ಆಕೆ "ಸರೀರಿ, ಯಾರೂ ಮುಟ್ಟಬ್ಯಾಡ್ರಿ" ಅಂದರೆ ಹೊಳೆಯ ನೀರೂ ಒಂದು ಮೊಳ ಹಿಂದೆ ಸರಿಯುತ್ತಿತ್ತಂತೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗದ್ದೆಮ್ಮನ ಮಗಳ ಸುದ್ದಿಯನ್ನು ಮಾತ್ರ ಯಾರೂ ಹಿಗ್ಗಿಸಿ ಹೇಳುವುದಿಲ್ಲ.

ಪಾರಿ ಅಂತ ಆ ಹುಡುಗಿಯ ಹೆಸರು. ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಚಿನ್ನಿದಾಂಡು ಆಟ ನೋಡುತ್ತ ನಿಂತಿದ್ದಳು. ಹಾರಿಬಂದ ಚಿನ್ನಿ ನಟ್ಟನಡು ಎದೆಗೆ ಬಡಿಯಿತು. ರಕ್ತವಿಲ್ಲ, ಗಾಯವಿಲ್ಲ. ಹುಡುಗಿ ಕೂತಳು, ಹಾಗೇ ಮಲಗಿಬಿಟ್ಟಳು.

ಹುಲಿಗೆವ್ವ ಓಡಿಬಂದು ಪೆಟ್ಟಿಗೆ ತೆರೆದಳು. ಸಣ್ಣ ಪಟ್ಟಿಯ ಚೀಲಕ್ಕೆ ಹೊಳೆಯ ನೀರು ಹೊಕ್ಕು ಅಂಟೆಲ್ಲ ಹೋಗಿತ್ತು. ದೊಡ್ಡವು ಇದ್ದವು. ಆ ಪುಟ್ಟ ಎದೆಯ ಮೇಲೆ ಎರಡೂ ಹಿಡಿಸುವಂತಿರಲಿಲ್ಲ.

"ಹಚ್ಚಬೇ, ಏನ್ ನೋಡಾಕತ್ತಿ?" ಅಂದಳು ಗದ್ದೆಮ್ಮ.

"ಪೈಲ್ವಾನಗ ಹೊಡದದ್ದು ಅದು. ಕೂಸು ಸುಟ್ಟು ಹೋದೀತು" ಅಂತ ಗುಂಪಿನಲ್ಲಿ ಯಾರೋ ಅಂದರು.

ಹುಲಿಗೆವ್ವನ ಒಳಗೂ ಅದೇ ಹೆದರಿಕೆ ಇತ್ತು. "ಆಚೆ ದಂಡ್ಯಾಗ ಸಣ್ಣವು ಅದಾವ, ಸ್ವಲ್ಪ ತಡಿ" ಅಂದು ತಾಯಿ-ಮಗಳಿಬ್ಬರನ್ನೂ ಹರಿಗೋಲಿಗೆ ಹತ್ತಿಸಿಕೊಂಡಳು. ಆ ಹೊಳೆಯಲ್ಲಿ ಅಷ್ಟು ಜೋರಾಗಿ ಯಾರೂ ಹುಟ್ಟು ಹಾಕಿದ್ದಿಲ್ಲ ಅಂತಾರೆ. ಗದ್ದೆಮ್ಮ ಮಗಳ ಎದೆ ಒತ್ತುತ್ತಲೇ ಇದ್ದಳು. ದಂಡೆಯಲ್ಲಿ ಡಾಕ್ಟರಮ್ಮ ಸಣ್ಣ ಪಟ್ಟಿ ಹಚ್ಚಿದರು. ಹೊಡೆತ ಬೇಡ ಅಂದಿತು ಪೆಟ್ಟಿಗೆ. ಹೊಡೆದು ದಾರಿಗೆ ತರಲು ಆ ಎದೆಯಲ್ಲಿ ನಡುಕವೂ ಉಳಿದಿರಲಿಲ್ಲ.

ಆಮೇಲೆ ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಹೇಳಿದರಂತೆ: ಸಣ್ಣವು ಇಲ್ಲದಿದ್ದರೆ ದೊಡ್ಡವನ್ನೇ ಹಚ್ಚಬಹುದಿತ್ತು, ಒಂದು ಎದೆಗೆ, ಒಂದು ಬೆನ್ನಿಗೆ, ಇದನ್ನು ನಾನು ಮೊದಲೇ ಹೇಳಬೇಕಿತ್ತು. ಗದ್ದೆಮ್ಮ ಪಕ್ಕದಲ್ಲೇ ನಿಂತು ಕೇಳಿದಳು.

ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಅದೇ ಹರಿಗೋಲಿನಲ್ಲಿ ಈಚೆ ಬಂದವಳು ಮತ್ತೆಂದೂ ಅದನ್ನು ಹತ್ತಲಿಲ್ಲ. ತವರು ಆಚೆ ದಂಡೆಯಲ್ಲಿತ್ತು. ತಾಯಿ ಸತ್ತಾಗ ಈಚೆ ನಿಂತೇ ಸಾವಿನ ಮೆರವಣಿಗೆಯ ಹಲಗೆ ಬಡಿತ ಕೇಳಿದಳಂತೆ. ಹುಲಿಗೆವ್ವ ಮಾತ್ರ ದಿನಾ ಬೆಳಿಗ್ಗೆ ಮೊದಲ ಸಲ ಹೊರಡುವಾಗ ಅವಳಿಗಾಗಿ ಒಂದು ಜಾಗ ಖಾಲಿ ಬಿಟ್ಟು ಕಾಯುತ್ತಿದ್ದಳು. ಮಂದಿ ಗೊಣಗಿದರೂ ಕಾಯುತ್ತಿದ್ದಳು.

ಮುಂದಿನ ಸುಗ್ಗಿಯಲ್ಲಿ ಕುಂಬಾರ ಓಣಿಯ ಒಂದು ಕೂಸು ಹಾಲು ಕುಡಿಯುತ್ತ ಕುಡಿಯುತ್ತ ಉಸಿರು ನಿಲ್ಲಿಸಿತು. ಹುಟ್ಟಿನಿಂದಲೇ ಅದರ ಗುಂಡಿಗೆಯಲ್ಲಿ ದೋಷವಿತ್ತು. ಪಾರಿಗೆ ಹಚ್ಚಿದ ಸಣ್ಣ ಪಟ್ಟಿಗಳೇ ಕೊನೆಯವು. ಹೊಸವು ದೂರದ ಪಟ್ಟಣದಿಂದ ಇನ್ನೂ ಬಂದಿರಲಿಲ್ಲ. ಹೆತ್ತವಳು ಕೂಸನ್ನು ಅವುಚಿಕೊಂಡು ಬಿಡಲೊಲ್ಲಳು. ಹುಲಿಗೆವ್ವ ದೊಡ್ಡ ಪಟ್ಟಿಯ ಚೀಲ ಹರಿದು, ಹಚ್ಚದೆ ಕೈಯಲ್ಲೇ ಹಿಡಿದಿದ್ದಳು.

ಆಗ ಗುಂಪನ್ನು ಸೀಳಿಕೊಂಡು ಗದ್ದೆಮ್ಮ ಬಂದಳು. ಹೆತ್ತವಳನ್ನು ಹಿಂದಿನಿಂದ ತಬ್ಬಿ, ಕೈಬೆರಳು ಒಂದೊಂದಾಗಿ ಬಿಡಿಸಿ, ಹಿಂದಕ್ಕೆ ಎಳೆದುಕೊಂಡಳು. ಹುಲಿಗೆವ್ವನ ಮುಖ ನೋಡಲಿಲ್ಲ.

"ಹಚ್ಚು. ತಡೀಬ್ಯಾಡ" ಅಂದಳು.

ಎದೆಗೊಂದು, ಬೆನ್ನಿಗೊಂದು. ಯಾರೂ ಮುಟ್ಟಬ್ಯಾಡ್ರಿ. ಕೂಸು ಒಮ್ಮೆ ಅದುರಿತು. ಹುಲಿಗೆವ್ವ ಎರಡು ಬೆರಳಿಂದ ಎದೆ ಒತ್ತುತ್ತ ಹೋದಳು. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು.

ಓಣಿಯೆಲ್ಲ ಅಳುತ್ತ ನಗುತ್ತ ಇರುವಾಗ ಗದ್ದೆಮ್ಮ ಎದ್ದು ಸೆರಗು ಕೊಡವಿ ಮನೆಗೆ ಹೋದಳು. ಮಾರನೆಯ ಬೆಳಿಗ್ಗೆ ಹುಲಿಗೆವ್ವ ಹರಿಗೋಲನ್ನು ತೊಳೆದು, ಆ ಜಾಗಕ್ಕೆ ಕಂಬಳಿ ಹಾಸಿ, ಬಿಸಿಲು ಏರುವ ತನಕ ಕಾದಳಂತೆ. ಗದ್ದೆಮ್ಮ ಬರಲಿಲ್ಲ. ಸಾಯುವ ತನಕ ಬರಲಿಲ್ಲ.

ಈಗ ಹುಲಿಗೆವ್ವನೂ ಇಲ್ಲ. ಆದರೂ ಆ ಊರಿನ ಮೊದಲ ಹರಿಗೋಲಿನಲ್ಲಿ ಇವತ್ತಿಗೂ ಒಂದು ಜಾಗ ಖಾಲಿ ಬಿಡುತ್ತಾರೆ. ಯಾರದು ಅಂತ ಹೊಸಬರು ಕೇಳಿದರೆ, "ಬರತಾಳ, ಸ್ವಲ್ಪ ತಡೀರಿ" ಅಂತಾರೆ. ಸ್ವಲ್ಪ ಹೊತ್ತು ದಂಡೆ ನೋಡುತ್ತಾರೆ, ಆಮೇಲೆ ಹುಟ್ಟು ಹಾಕುತ್ತಾರೆ.

ಹರಿಗೋಲಿನಲ್ಲಿ ಕಾಯಿಲೆಯ ಕೂಸಿದ್ದ ದಿನ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.