ಬಲೆಯ ಕೆಳಗಿನ ಹಾವು

“ಗುರುಗಳೇ, ನನ್ನ ತಂಗಿ ಈ ವರ್ಷ ಏಳು ಸಲ ಗಂಡನ ಮನೆಯಿಂದ ಬಂದಳು. ಯಾಕೆ ಬಂದೆ ಎಂದರೆ ‘ಸುಮ್ಮನೆ’ ಎನ್ನುತ್ತಾಳೆ. ಬಂದ ದಿನ, ಹೋದ ದಿನ, ಉಡಿ ತುಂಬಿದ ಸೀರೆಯ ಬಣ್ಣ, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಈ ಬೆಳಿಗ್ಗೆಯೂ ಅವಳನ್ನು ಗಂಡನೂರಿನ ಬಸ್ಸು ಹತ್ತಿಸಿಯೇ ಬಂದೆ. ಆದರೂ ಅವಳ ಮನಸ್ಸು ತಿಳಿಯುತ್ತಿಲ್ಲ. ಹೇಗೆ ತಿಳಿಯಲಿ?” ಎಂದು ಶಿಷ್ಯೆ ಕೇಳಿದಳು.

ಗುರು ಹೇಳಿದರು:

ಕಡಲತೀರದಲ್ಲಿ ಒಬ್ಬ ವಿಜ್ಞಾನಿಯಿದ್ದ. ಕಡಲ ಹಾವು ನೀರಿನ ಅಲುಗಾಟವನ್ನು ಚರ್ಮದಿಂದಲೇ ಅರಿಯುತ್ತದೆಯೇ ಎಂದು ತಿಳಿಯಲು ಹೊರಟಿದ್ದ. ಒಬ್ಬ ಮೀನುಗಾರ ಬಲೆಗೆ ಸಿಕ್ಕ ಹಾವೊಂದನ್ನು ಜೀವಂತ ತಂದುಕೊಟ್ಟ. ವಿಜ್ಞಾನಿ ಅದನ್ನು ಗಾಜಿನ ತೊಟ್ಟಿಯಲ್ಲಿ ಬಿಟ್ಟ. ದಿನವೂ ತಾನೇ ಕಡಲ ನೀರು ಹೊತ್ತು ತಂದು ಬದಲಿಸಿದ.

ಕಡ್ಡಿಯಿಂದ ನೀರನ್ನು ಮೆಲ್ಲಗೆ ಅಲುಗಿಸಿ, ಹಾವು ತಲೆ ಎತ್ತಿತೇ ಎಂದು ನೋಡಿ ಬರೆಯುವುದು ಅವನ ಪರೀಕ್ಷೆ. ಆದರೆ ಹಾವು ಉಸಿರಿಗೆಂದು ಮೇಲೆ ಬಂದಾಗಲೆಲ್ಲ ನೀರು ಕದಡಿ ಪರೀಕ್ಷೆ ಕೆಡುತ್ತಿತ್ತು. ಅದಕ್ಕೆ ಅವನು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಬಲೆ ಬಿಗಿದ.

“ಅಯ್ಯಾ, ಇದು ಮೀನಲ್ಲ. ಮೇಲೆ ಬಂದೇ ಉಸಿರಾಡಬೇಕು” ಎಂದ ಮೀನುಗಾರ.

“ಗೊತ್ತಪ್ಪ. ಒಂದು ಗಂಟೆ ತಡೆದುಕೊಳ್ಳುತ್ತದೆ ಎಂದು ಪುಸ್ತಕದಲ್ಲೇ ಇದೆ. ನನ್ನದು ಅರ್ಧ ಗಂಟೆಯ ಕೆಲಸ.”

“ಪುಸ್ತಕದ ಹಾವು ತಡೆದುಕೊಂಡೀತು. ಇದು ಬೆಳಗಿನಿಂದ ದಣಿದಿದೆ” ಎಂದು ಹೇಳಿ ಮೀನುಗಾರ ದೋಣಿಗೆ ಹೋದ.

ವಿಜ್ಞಾನಿ ನೀರು ಅಲುಗಿಸಿದ. ಹಾವು ಬಲೆಯವರೆಗೆ ಬಂತು. ‘ಅರಿಯಿತು’ ಎಂದು ಬರೆದ. ಮತ್ತೆ ಅಲುಗಿಸಿದ. ಮತ್ತೆ ಬಂತು. ಅಲುಗಿಸದಿದ್ದಾಗಲೂ ಬಂದು ಬಲೆಗೆ ಮೂತಿ ಒತ್ತಿತು. ಅದನ್ನು ಅಂಚಿನಲ್ಲಿ ಬರೆದ: ‘ಕಾರಣವಿಲ್ಲ.’ ಅರ್ಧ ಗಂಟೆ ದಾಟಿತು. ಫಲ ಇಷ್ಟು ಚೆನ್ನಾಗಿ ಬರುವಾಗ ನಿಲ್ಲಿಸುವುದೇಕೆ ಎಂದುಕೊಂಡ. ಒಟ್ಟು ಏಳು ಸಲ ಹಾವು ಮೇಲೆ ಬಂತು. ಎಂಟನೆಯ ಸಲ ಬರಲಿಲ್ಲ. ‘ಅರಿಯಲಿಲ್ಲ’ ಎಂದು ಬರೆದು, ಇನ್ನಷ್ಟು ಹೊತ್ತು ಕಾದ.

ಸಂಜೆ ಮೀನುಗಾರ ಬಂದು ಬಲೆ ಬಿಚ್ಚಿದ. ಹಾವನ್ನು ಎತ್ತಿದಾಗ ಅದು ಹಗ್ಗದಂತೆ ಅವನ ಕೈಯಿಂದ ಜೋತುಬಿತ್ತು. ಅವನು ಅದನ್ನು ಹೊತ್ತು ಕಡಲಿನ ಕಡೆಗೆ ನಡೆದ.

ವಿಜ್ಞಾನಿ ಅತ್ತ. ಎಲ್ಲಿ ತಪ್ಪಿದೆ ಎಂದು ತಾನು ಬರೆದದ್ದನ್ನು ಮೊದಲಿನಿಂದ ಓದಿದ. ಒಂದಕ್ಷರವೂ ತಪ್ಪಿರಲಿಲ್ಲ. ಹಾವು ಉಸಿರು ಕೇಳಿದ್ದೆಲ್ಲ ಅವನದೇ ಅಕ್ಷರದಲ್ಲಿ ಅಲ್ಲಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ತಲೆ ತಗ್ಗಿಸಿದಳು. ಮೆಲ್ಲಗೆ, “ಮುಂದಿನ ಸಲ ಅವಳು ಬಂದಾಗ ಸರಿಯಾಗಿ ಕೇಳುತ್ತೇನೆ” ಎಂದಳು.

“ಎಂಟನೆಯ ಸಲ ಬರುತ್ತಾಳೆಂದು ನಿನಗೆ ಯಾರು ಹೇಳಿದರು, ತಾಯಿ?”