ನಲವತ್ತು ಸಾವಿರ ಕಣ್ಣು

"ಗುರುಗಳೇ, ನಮಗೆ ತುಂಬ ಪ್ರಿಯವಾದದ್ದನ್ನು ಕಾಪಾಡಿಕೊಳ್ಳುವುದು ಹೇಗೆ? ಮುಚ್ಚಿಟ್ಟೋ, ನಾಲ್ಕು ಜನರಿಗೆ ತೋರಿಸಿಯೋ?"

ಇದನ್ನು ಕೇಳಬೇಕೆಂದು ಚಾರುಮತಿ ಎಷ್ಟೋ ಸಲ ಬಂದು, ಬೇರೆ ಏನನ್ನೋ ಕೇಳಿ ಹಿಂದಿರುಗಿದ್ದಳು. ಇಂದು ಕೇಳಿಯೇಬಿಟ್ಟಳು. ಕೇಳಿದ ಕೂಡಲೇ, "ಪ್ರಶ್ನೆ ನನ್ನದಲ್ಲ, ನನ್ನ ಗೆಳತಿಯೊಬ್ಬಳದು" ಎಂದು ಸೇರಿಸಿದಳು.

ಗುರುಗಳು ಉಗ್ರಾಣದ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಆಶ್ರಮದಲ್ಲಿ ನೆರಳಿನ ಜಾಗ ಬೇಕಾದಷ್ಟಿತ್ತು. ಅವರು ಮಾತ್ರ ದಿನವೂ ಬೆಳಗ್ಗೆ ಆ ಬಿಸಿಲು ಕಟ್ಟೆಯ ಮೇಲೆಯೇ ಕೂರುತ್ತಿದ್ದರು.

"ಗೆಳತಿಯ ಹತ್ತಿರ ಏನಿದೆ?"

"ಹಾಡು. ಹುಣ್ಣಿಮೆಯ ದಿನ ಪಡಸಾಲೆಯಲ್ಲಿ ಹಾಡುವವರು ಬನ್ನಿ ಎಂದು ತಾವು ಹೇಳಿದಿರಲ್ಲ, ಅದು ಅವಳ ಕಿವಿಗೂ ಬಿತ್ತು. ಆದರೆ ಅಷ್ಟು ಜನ ನೋಡಿದರೆ ಹಾಡು ತನ್ನನ್ನು ಬಿಟ್ಟೇ ಹೋಗುತ್ತದೆ ಎಂದು ಅವಳಿಗೆ ಭಯ."

"ಓಹೋ," ಎಂದರು ಗುರುಗಳು. "ಹಾಗಾದರೆ ನಿನ್ನ ಗೆಳತಿಗಾಗಿ ಒಂದು ಕತೆ ಹೇಳುತ್ತೇನೆ. ಸುಮ್ಮನೆ ಕೂರಬೇಡ, ಕಾಳು ಹಿದುಕು."

ಚಾರುಮತಿ ಕೂತಳು. ಗುರುಗಳು ಹೇಳತೊಡಗಿದರು.

*

ಒಂದು ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಬಾಣಂತನ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಕೇರಿಯ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರೆರೆದವಳು ಅವಳೇ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಇವಳು ಸೆರಗು ಸಿಕ್ಕಿಸಿಕೊಂಡು ಹೊರಟಳೆಂದೇ ಲೆಕ್ಕ.

ಅವಳ ಸೊಸೆ ಮೊದಲ ಸಲ ಬಸುರಾದಾಗ ಅಜ್ಜಿಗೆ ಸಂತೋಷ ತಡೆಯಲಾಗಲಿಲ್ಲ. ಅಂದೇ ಕೇರಿಗೆಲ್ಲ ಸಕ್ಕರೆ ಹಂಚಿದಳು. ಆ ಬಸಿರು ನಿಲ್ಲಲಿಲ್ಲ. ಯಾರೂ ಅಜ್ಜಿಯನ್ನು ಏನೂ ಅನ್ನಲಿಲ್ಲ. ಅವಳೇ ತನಗೆ ತಾನು ಅಂದುಕೊಂಡಳು. ಕೇರಿಯ ಕಣ್ಣು ತಾಗಿತು, ಆ ಕಣ್ಣನ್ನು ಕರೆದವಳು ನಾನೇ.

ಎರಡನೆಯ ಸಲ ಅವಳು ತುಟಿ ಬಿಚ್ಚಲಿಲ್ಲ. ಹೆಣ್ಣು ಮಗು ಹುಟ್ಟಿತು. ಗುಂಡುಗುಂಡಾಗಿತ್ತು. ಸೊಸೆಗೆ ತವರಿನಲ್ಲಿ ತಾಯಿ ಇರಲಿಲ್ಲ, ಆದ್ದರಿಂದ ಬಾಣಂತನವೂ ಅಜ್ಜಿಯದೇ. ಅವಳು ಬಾಣಂತಿ ಕೋಣೆಯ ಬಾಗಿಲು ಹಾಕಿದಳು. ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಯಾರಾದರೂ ಬಂದರೆ, "ಮಗು ಮಲಗಿದೆ" ಎನ್ನುತ್ತಿದ್ದಳು. ಒಳಗಿನಿಂದ ಮಗು ಚೀರಿ ಚೀರಿ ಅಳುತ್ತಿದ್ದರೂ ಹಾಗೆಯೇ ಎನ್ನುತ್ತಿದ್ದಳು. ಬಂದವರು ನಗು ನುಂಗಿಕೊಂಡು ಹೋಗುತ್ತಿದ್ದರು.

ಹನ್ನೊಂದನೆಯ ದಿನ ಹೆಸರಿಡಬೇಕಿತ್ತು. ಇಡಲಿಲ್ಲ. ಹೆಸರಿಡಬೇಕಾದರೆ ತೊಟ್ಟಿಲಿಗೆ ಹಾಕಬೇಕು, ತೊಟ್ಟಿಲಿಗೆ ಹಾಕಬೇಕಾದರೆ ಜನ ಬರಬೇಕು. ಮಗುವಿಗೆ ಒಂದು ತಿಂಗಳು ತುಂಬಿತು. ಹೆಸರಿಲ್ಲ. ಒಳಗೆ ಕೂತು ಕೂತು ಸೊಸೆ ಮಾತು ಕಡಿಮೆ ಮಾಡಿದಳು. ಅದನ್ನು ಅಜ್ಜಿ ಗಮನಿಸಿದಳು, ಸಾರಿಗೆ ಮೆಣಸು ಸಾಲದೇನೋ ಎಂದು ಇನ್ನಷ್ಟು ಹಾಕಿದಳು.

ಒಂದು ಸಂಜೆ ಕೋಣೆಯೊಳಗಿಂದ ಏನೋ ಹಕ್ಕಿ ಕೂಗಿದ ಸದ್ದಾಯಿತು. ಅಜ್ಜಿ ಒಳಗೆ ಓಡಿದಳು. ಸೊಸೆ ಮಗುವಿಗೆ ಹಾಲು ಕೊಡುತ್ತ, ದಿಂಬಿಗೆ ಫೋನನ್ನು ಒರಗಿಸಿಕೊಂಡು ನೋಡುತ್ತಿದ್ದಳು.

"ಬಾಣಂತಿ ಫೋನ್ ನೋಡಬಾರದು, ಕಣ್ಣು ಹೋಗುತ್ತೆ ಅಂತ ಎಷ್ಟು ಸಲ ಹೇಳಲಿ? ಇದೇನಿದು, ಗರುಡನಾ?"

"ಅಮೆರಿಕದ ಹದ್ದು ಅತ್ತೆ. ಬೋಳು ಹದ್ದು ಅಂತಾರೆ. ಮರದ ತುದಿಯಲ್ಲಿ ಗೂಡು. ಪಕ್ಕದ ಕೊಂಬೆಗೆ ಕ್ಯಾಮೆರಾ ಕಟ್ಟಿದಾರೆ. ಈಗ ಅಲ್ಲಿ ಬೆಳಗ್ಗೆ. ಈ ಕ್ಷಣ ಅಲ್ಲಿ ಏನು ನಡೀತಿದೆಯೋ ಅದೇ ಇಲ್ಲಿ ಕಾಣೋದು."

"ಬೋಳೆಲ್ಲಿ ಬಂತು? ತಲೆ ತುಂಬ ಬೆಳ್ಳಗಿದೆಯಲ್ಲ, ನನ್ನ ಹಾಗೆ." ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. "ಅಯ್ಯೋ, ಬೆನ್ನ ಮೇಲೆ ಹಿಮ ಬಿದ್ದಿದೆ! ಎದ್ದು ಕೊಡವಿಕೊಳ್ಳಬಾರದಾ?"

"ಎದ್ದರೆ ಮೊಟ್ಟೆಗೆ ಚಳಿಯಾಗುತ್ತೆ ಅತ್ತೆ. ಕಾವು ಕೂತಿದೆ."

ಅಜ್ಜಿ ನೆಲದ ಮೇಲೆ ಕೂತಳು. ಆಮೇಲೆ ಏಳಲಿಲ್ಲ. ಒಲೆಯ ಮೇಲಿನ ಸಾರು ಉಕ್ಕಿತು.

ಮರುದಿನ ಸಂಜೆ ಅವಳೇ ಫೋನು ತಂದು ದಿಂಬಿಗೆ ಒರಗಿಸಿದಳು. ಬಾಣಂತಿಯ ಕಣ್ಣಿನ ಮಾತು ಮತ್ತೆ ಎತ್ತಲಿಲ್ಲ. ಗಂಡು ಹದ್ದು ಬಂದು, ಹೆಣ್ಣನ್ನು ಎಬ್ಬಿಸಿ, ತಾನೇ ಮೊಟ್ಟೆಗಳ ಮೇಲೆ ಕೂತದ್ದನ್ನು ಕಂಡಾಗ ಅಜ್ಜಿ ಮಗನನ್ನು ಕೂಗಿ ಕರೆದಳು.

"ಏ, ಬಾರೋ ಇಲ್ಲಿ. ನೋಡು. ಅದೂ ಗಂಡಸೇ. ನೋಡಿ ಕಲಿ."

ಮಗ ಒಂದು ಗಳಿಗೆ ನೋಡಿದ. ಮಗುವಿನ ಒದ್ದೆ ಬಟ್ಟೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದ. ಹೆಂಡತಿ ನಕ್ಕಳು. ಎಷ್ಟೋ ದಿನಗಳ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು.

ಮೊಟ್ಟೆ ಒಡೆದು ಎರಡು ಮರಿಗಳು ಬಂದವು. ಅಜ್ಜಿಗೆ ತನ್ನ ಕಸುಬೇ ಸಿಕ್ಕಂತಾಯಿತು. "ಹಸಿ ಮೀನು ಕೊಡ್ತಾಳಲ್ಲೇ, ಎಳೇ ಹೊಟ್ಟೆಗೆ ಜೀರ್ಣ ಆಗುತ್ತಾ?" "ಕುತ್ತಿಗೆ ನೋಡು ಹೇಗೆ ವಾಲುತ್ತೆ, ಹಿಡಿಯೇ, ಹಿಡಿಯೇ!" ಎಂದು ಹದ್ದಿಗೆ ಬುದ್ಧಿ ಹೇಳುತ್ತಿದ್ದಳು. ಹದ್ದು ತನಗೆ ತಿಳಿದಂತೆ ಮಾಡುತ್ತಿತ್ತು. "ಈಗಿನ ಕಾಲದವರು ಯಾರ ಮಾತು ಕೇಳ್ತಾರೆ," ಎಂದು ಅಜ್ಜಿ ಸೊಸೆಯತ್ತ ನೋಡುತ್ತಿದ್ದಳು.

ಒಂದು ದಿನ ಅಜ್ಜಿಯ ಕಣ್ಣು ಪರದೆಯ ಮೂಲೆಗೆ ಹೋಯಿತು. "ಇಲ್ಲೇನೋ ಅಂಕಿ ಬರೆದಿದೆಯಲ್ಲ, ಏನದು?"

"ಈಗ ಎಷ್ಟು ಜನ ನೋಡ್ತಿದಾರೆ ಅಂತ. ಇಪ್ಪತ್ತು ಸಾವಿರ."

ಅಜ್ಜಿ ಧಡಕ್ಕನೆ ಎದ್ದಳು. "ಇಪ್ಪತ್ತು ಸಾವಿರ ಜನ ಅಂದರೆ ನಲವತ್ತು ಸಾವಿರ ಕಣ್ಣು! ಎಳೇ ಮರಿಗಳ ಮೇಲೆ! ಆ ತಾಯಿಗೆ ಹೇಳುವವರು ಯಾರೂ ಇಲ್ಲವಾ?"

ಅವಳು ಅಡುಗೆಮನೆಗೆ ಓಡಿದಳು. ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ, ಎರಡು ಪೊರಕೆ ಕಡ್ಡಿ ತಂದಳು. ಫೋನಿಗೆ ಮೂರು ಸಲ ನಿವಾಳಿಸಿದಳು. "ನಾಯಿ ಕಣ್ಣು, ನರಿ ಕಣ್ಣು, ಅಮೆರಿಕದವರ ಕಣ್ಣು" ಎಂದು ಹೇಳಿ ಎಲ್ಲವನ್ನೂ ಹಿತ್ತಿಲಿನ ನೀರೊಲೆಗೆ ಎಸೆದಳು. ಪಕ್ಕದ ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದ ಮಗ ಕೆಮ್ಮುತ್ತ, ಸೋಪಿನ ನೊರೆಯ ಸಮೇತ ಹೊರಗೆ ಬಂದ. ಅಜ್ಜಿ ಅವನತ್ತ ತಿರುಗಿಯೂ ನೋಡಲಿಲ್ಲ. ಬೆರಳಿಗೆ ಕಾಡಿಗೆ ಒತ್ತಿಕೊಂಡು ಬಂದು, ಪರದೆಯ ಮೇಲೆ, ಸರಿಯಾಗಿ ಸಣ್ಣ ಮರಿಯ ಕೆನ್ನೆಗೆ, ಒಂದು ದೃಷ್ಟಿಬೊಟ್ಟು ಇಟ್ಟಳು.

ಮರಿ ಸರಿಯಿತು. ಬೊಟ್ಟು ಅಲ್ಲೇ ಉಳಿಯಿತು. ಅಜ್ಜಿ ಇನ್ನೊಂದು ಇಟ್ಟಳು. ಮರಿ ಮತ್ತೆ ಸರಿಯಿತು.

*

"ಫೋನಿಗೆ ದೃಷ್ಟಿಬೊಟ್ಟಾ!" ಚಾರುಮತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಹೂಂ. ಅರ್ಧ ಗಂಟೆಯಲ್ಲಿ ಹದ್ದು ಕಾಣದಾಯಿತು, ಬರೀ ಬೊಟ್ಟೇ ಕಂಡಿತು. ಕೈ ನಿಲ್ಲಿಸಬೇಡ," ಎಂದು ಗುರುಗಳು ಮುಂದುವರಿಸಿದರು.

*

ಸಣ್ಣ ಮರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ದೊಡ್ಡದು ಅದನ್ನು ಕುಕ್ಕಿ ಮಲಗಿಸಿ, ಮೀನೆಲ್ಲ ತಾನೇ ತಿನ್ನುತ್ತಿತ್ತು. ಅಜ್ಜಿಗೆ ಅನುಮಾನ ಉಳಿಯಲಿಲ್ಲ. ಇದು ಆ ನಲವತ್ತು ಸಾವಿರ ಕಣ್ಣಿನದೇ ಕೆಲಸ.

"ಕ್ಯಾಮೆರಾ ಕಟ್ಟಿದವರು ಹತ್ತಿ ಆ ಸಣ್ಣದಕ್ಕೆ ಒಂದು ಚೂರು ತಿನ್ನಿಸಬಾರದಾ?"

"ಅವರು ಮುಟ್ಟುವುದಿಲ್ಲ ಅತ್ತೆ. ನೋಡುತ್ತಾರೆ, ಅಷ್ಟೇ."

"ಬರೀ ನೋಡೋಕೆ ಇಷ್ಟು ಜನ ಬೇಕಾ? ಏನು ಮಾಡ್ತಿದಾರೆ ಎಲ್ಲರೂ ಕೂತು?"

ನೋಡುವವರು ಪರದೆಯ ಪಕ್ಕದಲ್ಲಿ ತಮ್ಮ ಮಾತು ಬರೆಯುತ್ತಿದ್ದರು. ಸೊಸೆ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಒಬ್ಬಳು ಆಸ್ಪತ್ರೆಯ ಹಾಸಿಗೆಯಿಂದ ಬರೆದಿದ್ದಳು, ತಿನ್ನು ಪುಟ್ಟಾ. ಒಬ್ಬ ಲಾರಿ ಡ್ರೈವರು ರಸ್ತೆ ಬದಿಗೆ ನಿಲ್ಲಿಸಿಕೊಂಡು ಬರೆದಿದ್ದ, ಸಣ್ಣದು ಈ ದಿನ ಏನಾದರೂ ತಿಂತಾ? ಯಾವುದೋ ಊರಿನ ಒಬ್ಬ ಅಜ್ಜಿ ಬರೆದಿದ್ದಳು, ನನ್ನ ಕಾಫಿ ಆರಿಹೋಯಿತು, ಈ ಮಗು ತಿನ್ನುವ ತನಕ ನಾನು ಕುಡಿಯುವುದಿಲ್ಲ.

"ಇನ್ನೂ ಓದು," ಎಂದಳು ಅಜ್ಜಿ.

ಸೊಸೆ ಓದಿದಳು. ಎಲ್ಲರೂ ಅದನ್ನೇ ಬರೆದಿದ್ದರು. ತಿನ್ನು. ತಿನ್ನು ಮರಿ. ಅಜ್ಜಿ ಕೇಳುತ್ತ ಕೂತಳು. ಅವಳ ಕಾಫಿಯೂ ಆರಿತು.

ಮರುದಿನ ಅಲ್ಲಿ ಬಿರುಗಾಳಿ ಎದ್ದಿತು. ಗೂಡು ತೊಟ್ಟಿಲಿನಂತೆ ಜೀಕುತ್ತಿತ್ತು. ತಾಯಿ ರೆಕ್ಕೆ ಹರಡಿ ಮರಿಗಳನ್ನು ಅಡಗಿಸಿಕೊಂಡಿತು. ಸಣ್ಣದರ ತಲೆ ಮಾತ್ರ ರೆಕ್ಕೆಯಾಚೆ ಉಳಿದಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಏನಾಯ್ತೇ? ಬೊಟ್ಟು ಒರೆಸು!"

"ಬೊಟ್ಟಲ್ಲ ಅತ್ತೆ. ಗಾಳಿಗೆ ಕ್ಯಾಮೆರಾ ಕೆಟ್ಟಿದೆಯಂತೆ. ಯಾರಿಗೂ ಕಾಣ್ತಿಲ್ಲ."

ಮೂಲೆಯ ಅಂಕಿಯೂ ಇರಲಿಲ್ಲ. ಅಜ್ಜಿ ಎದ್ದಳು, ಕೂತಳು, ಮತ್ತೆ ಎದ್ದಳು. ತಟ್ಟೆಯ ಮುಂದೆ ಕೂತು ಅನ್ನ ಕಲಸಿ, ಕೈ ತೊಳೆದುಬಿಟ್ಟಳು.

"ಅದು ಒಂಟಿಯಾಗಿಹೋಯ್ತಲ್ಲೇ," ಎಂದಳು. "ಆ ಗಾಳಿಯಲ್ಲಿ, ಅಷ್ಟೆತ್ತರದಲ್ಲಿ ಮಗು ಏನಾಯ್ತೋ. ಯಾರೂ ನೋಡ್ತಿಲ್ಲವಲ್ಲ. ಒಂದು ಕಣ್ಣೂ ಇಲ್ಲವಲ್ಲ ಅದರ ಮೇಲೆ."

ಸೊಸೆ ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ. ದನಿ ಎತ್ತಲೂ ಇಲ್ಲ.

"ನಮ್ಮದನ್ನೂ ಯಾರೂ ನೋಡ್ತಿಲ್ಲ ಅತ್ತೆ."

ಅಜ್ಜಿ ಕಿಟಕಿಗೆ ಕಟ್ಟಿದ್ದ ಸೀರೆಯತ್ತ ನೋಡಿದಳು.

ಮುಂದಿನ ಸಂಜೆ ಚಿತ್ರ ಬಂತು. ಗೂಡಿನ ಒಂದು ಅಂಚು ಹಾರಿಹೋಗಿತ್ತು. ತಾಯಿ ಇತ್ತು. ದೊಡ್ಡ ಮರಿ ಇತ್ತು. ಅದರ ಪಕ್ಕದಲ್ಲಿ ಸಣ್ಣದು, ಕತ್ತಿನ ಕೆಳಗಿನ ಚೀಲ ಉಬ್ಬುವಷ್ಟು ತಿಂದು, ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು. ಮೂಲೆಯ ಅಂಕಿ ಏರತೊಡಗಿತು. ಐದು ಸಾವಿರ, ಹತ್ತು ಸಾವಿರ. ಸೊಸೆ ಅಜ್ಜಿಯ ಕೈ ನೋಡಿದಳು. ಅದು ಉಪ್ಪಿಗೆ ಹೋಗಲಿಲ್ಲ.

"ಬರಲಿ," ಎಂದಳು ಅಜ್ಜಿ. "ಎಲ್ಲರೂ ಬರಲಿ, ನೋಡಲಿ. ಪಾಪ, ನಿನ್ನೆಯಿಂದ ಯಾರೂ ಊಟ ಮಾಡಿರುವುದಿಲ್ಲ."

ಅವಳು ಎದ್ದು ಕಿಟಕಿಯ ಸೀರೆ ಬಿಚ್ಚಿದಳು. ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಮಗನಿಗೆ, "ಅಟ್ಟದಿಂದ ತೊಟ್ಟಿಲು ಇಳಿಸು" ಎಂದಳು.

ಹೆಸರಿಡುವ ದಿನ ಕೇರಿಯೆಲ್ಲ ಬಂತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಕೆನ್ನೆಯ ಮೇಲೆ ದೃಷ್ಟಿಬೊಟ್ಟಂತೂ ಇತ್ತು, ಒಂದು ರೂಪಾಯಿಯ ಅಗಲ. ಅದನ್ನು ಅಜ್ಜಿ ಬಿಟ್ಟುಕೊಟ್ಟಿರಲಿಲ್ಲ.

ಗೋಡೆಯಾಚೆಯ ಮನೆಯವಳು, ಇಡ್ಲಿ ಮಾಡಿ ಮಾರುವವಳು, ಎಲ್ಲರಿಗಿಂತ ಮುಂದೆ ನುಗ್ಗಿ ಮಗುವನ್ನು ಇಸಿದುಕೊಂಡಳು.

"ಇದೇನಾ ನಮ್ಮನೆ ಗಡಿಯಾರ! ಬಾರೇ ನನ್ನ ರಾಣಿ."

"ಗಡಿಯಾರವಾ?" ಎಂದಳು ಅಜ್ಜಿ.

"ಮತ್ತೆ? ಬೆಳಗಿನ ಜಾವ ಇವಳು ಅತ್ತ ಮೇಲೆ ತಾನೇ ನಾನು ಎದ್ದು ಒಲೆ ಹಚ್ಚೋದು. ಎರಡು ತಿಂಗಳಿಂದ ಅಲಾರಂ ಇಟ್ಟಿಲ್ಲ. ಒಂದಿನ ಅಳಲೇ ಇಲ್ಲ ನೋಡಿ, ನನಗೆ ಜೀವ ಹಾರಿಹೋಯ್ತು. ಹಿಟ್ಟು ಹುಳಿಯಾದರೆ ಆಗಲಿ ಅಂತ ಗೋಡೆಗೆ ಕಿವಿ ಹಚ್ಚಿ ಕೂತಿದ್ದೆ. ಕೊನೆಗೆ ಇವಳು ಸೀನಿದಳು. ಆಗ ಹೋಗಿ ಹಿಟ್ಟು ಹುಯ್ದೆ."

"ಎರಡು ತಿಂಗಳಿಂದಲಾ?" ಅಜ್ಜಿ ಕೇಳಿದಳು.

"ಹುಟ್ಟಿದ ದಿನದಿಂದ," ಎಂದಳು ಅವಳು.

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದಳು. ಮೊದಲ ಹಿಡಿಯನ್ನು ಅವಳ ಬಾಯಿಗೇ ಹಾಕಿದಳು.

*

ಗುರುಗಳು ಕತೆ ನಿಲ್ಲಿಸಿದರು. ಅವರೆಕಾಳೂ ಮುಗಿಯುತ್ತ ಬಂದಿತ್ತು.

ಚಾರುಮತಿ ಇನ್ನೂ ನಗುತ್ತಿದ್ದಳು. ಉಳಿದ ಕಾಳಿಗೆ ಕೈ ಹಾಕುತ್ತ ಹೇಳಿದಳು. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಗೆಳತಿ ಕೇಳುತ್ತಾಳೆ. ಆ ಮಗುವಿಗೆ ಗೋಡೆಯಾಚೆ ಒಬ್ಬಳಿದ್ದಳು. ಗೆಳತಿಯ ಹಾಡನ್ನು ಇಂದಿನವರೆಗೆ ಯಾರೂ ಕೇಳಿಲ್ಲವಲ್ಲ?"

ಗುರುಗಳು ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು. ತಲೆಯ ಮೇಲಿನ ಉಗ್ರಾಣದ ಕಿಟಕಿಯನ್ನು ಒಮ್ಮೆ ನೋಡಿದರು. ಚಾರುಮತಿಯೂ ನೋಡಿದಳು. ಅವಳ ಕೈಯಲ್ಲಿದ್ದ ಕಾಳು ಅಲ್ಲೇ ನಿಂತಿತು.

"ಬೆಳಗ್ಗೆ ಉಗ್ರಾಣದ ಬಾಗಿಲು ಹಾಕಿಕೊಂಡು ಅವಳು ಹಾಡುವಷ್ಟು ಹೊತ್ತೂ ಈ ಕಟ್ಟೆಯ ಮೇಲೆ ಸುಡುಸುಡು ಬಿಸಿಲಿರುತ್ತದೆ ಎಂದು ನಿನ್ನ ಗೆಳತಿಗೆ ಹೇಳು."